ಕೊನೆಗೆ ಉಣ್ಣುತ್ತಿದ್ದ ಈರಣ್ಣ

ಅಕ್ಟೋಬರ್ ಆರು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಸ್ಥಳ, ಇಳಕಲ್ಲಿನ ನೇಕಾರ ಓಣಿಯ ಸಮುದಾಯ ಭವನ. ಹಾಜರಿದ್ದವರು: ನಾನು, ಅಡುಗೆಯ ಈರಣ್ಣ, ಅವನ ಹೆಂಡತಿ ಮಹಾದೇವಿ, ಮತ್ತು ರಕ್ತದ ಸಕ್ಕರೆ ನೋಡಿಸಿಕೊಳ್ಳಲು ಬಂದು ಗೋಡೆಗುಂಟ ಕುಳಿತಿದ್ದ ಓಣಿಯ ಮೂವತ್ತು ಮೂವತ್ತೈದು ಮಂದಿ. ಈರಣ್ಣ ದೊಡ್ಡ ಪಾತ್ರೆಯ ಮುಚ್ಚಳ ಸರಿಸಿ, ಕಣ್ಣು ಮುಚ್ಚಿ, ಮೇಲೇಳುತ್ತಿದ್ದ ಹಬೆಯನ್ನು ಅಂಗೈಯಿಂದ ಮೂಗಿನ ಕಡೆಗೆ ಎಳೆದುಕೊಂಡ. ಎರಡು ಸಲ. ಮೂರನೆಯ ಸಲಕ್ಕೆ ತಲೆಯಾಡಿಸಿ ಮುಚ್ಚಳ ಹಾಕಿದ. ಅಡುಗೆ ಮುಗಿಯಿತು ಎಂದು ಅರ್ಥ. ಸೌಟಿನಿಂದ ಒಂದು ಹನಿಯನ್ನೂ ಅಂಗೈಗೆ ಬಿಟ್ಟುಕೊಂಡು ನೆಕ್ಕಲಿಲ್ಲ. ಮೂವತ್ತು ವರ್ಷ ಅಡುಗೆ ಮಾಡಿದ ಈ ಮನುಷ್ಯ ಒಲೆಯ ಮುಂದೆ ನಿಂತು ರುಚಿ ನೋಡಿದ್ದನ್ನು ಆ ಹೊತ್ತಿನವರೆಗೆ ಯಾರೂ ಕಂಡಿರಲಿಲ್ಲ.

ನಾನು ಅವನನ್ನು ಜೀವಂತವಾಗಿ ಕೊನೆಯ ಸಲ ನೋಡಿದ್ದು ಅಂದೇ. ಹದಿನೆಂಟು ದಿನದ ಮೇಲೆ ಬಾದಾಮಿಯಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮುಗಿಸಿ ವೇದಿಕೆ ಇಳಿದವನು ಕುರ್ಚಿಯಲ್ಲಿ ಕುಳಿತ, ಏಳಲಿಲ್ಲ. ಐವತ್ತನಾಲ್ಕು ವಯಸ್ಸು. ಮೂವತ್ತು ವರ್ಷ ಕಟ್ಟಿಗೆಯ ಹೊಗೆ ಕುಡಿದ ಎದೆ ಅದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅಷ್ಟೇ ವರ್ಷ ನರ್ಸ್ ಆಗಿದ್ದ ನನಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ಆದರೆ ಜನರಿಗೆ ಕಂಡಿತು. ಮಣ್ಣು ಮಾಡಿ ಬಂದ ದಿನವೇ ಬಸ್ ನಿಲ್ದಾಣದಲ್ಲಿ ಒಬ್ಬರು ಚಾ ಕುಡಿಯುತ್ತ ಹೇಳಿದರು: "ಎಣ್ಣಿ ಬಿಡ್ರಿ, ಸಕ್ಕರಿ ಬಿಡ್ರಿ ಅಂದಾವ ತಾನ ಬಿಟ್ಟು ಹೋದ. ನಾ ನೋಡ್ರಿ, ದಿನಾ ಮಿರ್ಚಿ ತಿಂದು ಎಪ್ಪತ್ತಾತು." ಸುತ್ತ ಇದ್ದವರು ನಕ್ಕರು. ನಾನು ನನ್ನ ಚಾ ಅರ್ಧಕ್ಕೆ ಬಿಟ್ಟು ಎದ್ದೆ.

ಈರಣ್ಣ ಕುಳ್ಳ. ಮೊಳಕೈಯಿಂದ ಕೆಳಗೆ ಎರಡೂ ಕೈಗಳ ಮೇಲೆ ಬಿಸಿ ತುಪ್ಪ ಸಿಡಿದ ಬಿಳಿ ಕಲೆಗಳು. ಹೆಗಲ ಮೇಲೆ ಯಾವಾಗಲೂ ಒಗೆದ ಟವೆಲ್ಲು. ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ಮದುವೆ ಗೊತ್ತಾದರೆ ಮೊದಲು ಇವನ ದಿನ ಕೇಳಿ ಆಮೇಲೆ ಭವನ ನೋಡುವ ಮನೆತನಗಳಿದ್ದವು. ಅವನ ಗೋದಿ ಹುಗ್ಗಿ, ಹೋಳಿಗೆ, ಬುಂದಿ ಅಷ್ಟು ಹೆಸರಾಗಿದ್ದವು. ಅಡುಗೆಯನ್ನು ಸೋದರಮಾವನಿಂದ ಕಲಿತಿದ್ದ. ಅದರ ಜೊತೆಗೆ ಎರಡು ನಿಯಮಗಳನ್ನೂ ಕಲಿತಿದ್ದ: ಉಣ್ಣಿಸುವ ಮೊದಲು ರುಚಿ ನೋಡಬಾರದು; ಕೊನೆಯ ಪಂಕ್ತಿ ಎದ್ದ ಮೇಲೆಯೇ ಉಣ್ಣಬೇಕು. "ಅಡಿಗಿಯವನ ಹೊಟ್ಟಿ ಮೊದಲ ತುಂಬಿದ್ರ ಕಣ್ಣು ಪಾತ್ರಿ ಮ್ಯಾಲಿರೂದಿಲ್ಲ ಅಂತಿದ್ದ ನಮ್ಮ ಮಾವ" ಎನ್ನುತ್ತಿದ್ದ. ರುಚಿ ನೋಡದೆ ಉಪ್ಪು ಹೇಗೆ ತಿಳಿಯುತ್ತದೆ ಎಂದು ನಾನೇ ಕೇಳಿದ್ದೆ. "ಉಪ್ಪಿಗೆ ವಾಸನಿ ಇಲ್ಲಂತಾರ ಅಕ್ಕಾರ. ಐತಿ. ಕುದಿಯೂಮುಂದ ನಿಂತು ಕೇಳ್ಬೇಕು." ವಾಸನೆಯನ್ನು ಅವನು ಕೇಳುತ್ತಿದ್ದ. ನಾವು ಎದೆಬಡಿತ ಕೇಳುವ ಹಾಗೆ.

ನಮ್ಮ ಪರಿಚಯ ಅವನ ತಾಯಿ ಶಿವವ್ವನ ಕಾಲಿನಿಂದ ಆಯಿತು. ಮದುವೆ ಮನೆಯಲ್ಲಿ ಉಳಿದ ಸಿಹಿಯ ಒಂದು ಡಬ್ಬಿ ಅಡುಗೆಯವನ ಮನೆಗೆ ಹೋಗಬೇಕು. ಅದು ಈ ಕಡೆಯ ಪದ್ಧತಿ. ಒಲ್ಲೆ ಎಂದರೆ ಮದುವೆಯವರಿಗೆ ಅಪಮಾನ. ಈರಣ್ಣ ಡಬ್ಬಿ ತಂದು ತಾಯಿಯ ಕೈಗೆ ಕೊಡುತ್ತಿದ್ದ. ಶಿವವ್ವ ದಿನವೆಲ್ಲ ರಾಟೆಯ ಮುಂದೆ ಕುಳಿತು ನೂಲು ಸುತ್ತುವವಳು. ಮಗನ ಕೈಯ ಬುಂದಿಯನ್ನು ಬಾಯಿಗೆ ಹಾಕಿಕೊಂಡೇ ಸುತ್ತುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಹಿಮ್ಮಡಿ ಹುಣ್ಣಾಗಿ ನನ್ನ ಹತ್ತಿರ ಬರುವ ಹೊತ್ತಿಗೆ ತಡವಾಗಿತ್ತು. ನಲವತ್ತು ದಿನ ಪಟ್ಟಿ ಕಟ್ಟಿದೆ. ಆಮೇಲೆ ಬಾಗಲಕೋಟೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಆಸ್ಪತ್ರೆಯ ಪಡಸಾಲೆಯಲ್ಲಿ ಈರಣ್ಣ ಕೇಳಿದ: "ನಾ ಇಷ್ಟು ದಿನ ಅವ್ವಗ ಏನ್ ತಿನಿಸಿದೆ ಅಕ್ಕಾರ?"

"ಸಕ್ಕರಿ ತಿನಿಸಿದಿ" ಎಂದೆ. ಆಸ್ಪತ್ರೆಯಲ್ಲಿ ಸುಳ್ಳು ಸಮಾಧಾನ ಹೇಳುವ ರೂಢಿ ನನಗಿಲ್ಲ.

ಅದೇ ತಿಂಗಳು ಅವನು ಮದುವೆಯ ಕೆಲಸ ನಿಲ್ಲಿಸಿದ. ಶಿವವ್ವ ಇನ್ನೂ ಎರಡು ವರ್ಷ ಇದ್ದಳು. ಮೂತ್ರಪಿಂಡವೂ ಸೋತಿದ್ದರಿಂದ ಉಪ್ಪನ್ನೂ ಕಡಿಮೆ ಮಾಡಬೇಕಾಯಿತು. ಆಕೆಗೆ ಹೊಂದುವ ಅಡುಗೆಯನ್ನು ಅವನೇ ದಿನವೂ ಮಾಡಿ ಬಡಿಸಿದ. ಆಕೆ ತೀರಿಕೊಂಡ ಮೇಲೆ ಮಗಳು ಅವನನ್ನು ಒಲೆಯ ಮುಂದೆ ಕೂಡಿಸಿ ಫೋನಿನಲ್ಲಿ ಒಂದು ವಿಡಿಯೋ ಮಾಡಿದಳು. ಅವನು ಹೇಳಿದ ಮೊದಲ ಮಾತು: "ನಮ್ಮವ್ವನ ಕಾಲು ನನ್ನ ಬುಂದಿ ತಿಂತು. ನಿಮ್ಮವ್ವನ ಕಾಲು ಉಳಿಸ್ಕೋರಿ." ಆಮೇಲೆ ಎಣ್ಣೆ ಕಡಿಮೆ ಹಾಕಿ ಹೀರೇಕಾಯಿ ಪಲ್ಯ ಮಾಡಿ ತೋರಿಸಿದ. ಆ ವಿಡಿಯೋ ನಾನು ನೋಡುವ ಮೊದಲೇ ಬೆಂಗಳೂರಿನವರು ನೋಡಿದ್ದರು. ಒಂದು ಟಿವಿ ವಾಹಿನಿಯವರು ಕರೆದರು. "ಸಕ್ಕರಿ ಡಬ್ಬಿ ಅಟ್ಟಕ್ಕಿಡ್ರಿ" ಎಂಬ ಅವನ ಮಾತನ್ನು ಸಣ್ಣ ಮಕ್ಕಳು ಅಣಕಿಸತೊಡಗಿದರು. ಊರೂರಿಂದ ಭಾಷಣಕ್ಕೆ ಕರೆಗಳು ಬಂದವು. ಅವನ ತಲೆಗೆ ಎತ್ತರದ ಬಿಳಿ ಟೊಪ್ಪಿಗೆ ಹಾಕಿಸಲು ವಾಹಿನಿಯವರು ಬಹಳ ಪ್ರಯತ್ನಪಟ್ಟರು. "ಇದ ಹಾಕ್ಕೊಂಡ್ರ ಹಬಿ ತಲ್ಯಾಗ ಕುಂದರತೈತ್ರಿ" ಎಂದು ತೆಗೆದಿಟ್ಟ.

ಜನ ಅವನನ್ನು ನೋಡಿದರು, ಮೆಚ್ಚಿದರು. ಅವನು ಹೇಳಿದ್ದನ್ನು ಮಾತ್ರ ಮಾಡಲಿಲ್ಲ. ಬಾದಾಮಿಯ ಒಂದು ಹೋಟೆಲಿನಲ್ಲಿ ಅವನು ಕೈಮುಗಿದು ನಿಂತ ದೊಡ್ಡ ಫೋಟೊ ಹಾಕಿದ್ದರು. ಸರಿಯಾಗಿ ಅದರ ಕೆಳಗೆ ಮಿರ್ಚಿ ಕರಿಯುವ ಬಾಣಲೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಎಂಬ ಬೆಲ್ಲದ ಸಿಹಿಯ ಅಂಗಡಿಯವರು ನನ್ನ ಪಕ್ಕದಲ್ಲಿದ್ದ ಅವನನ್ನು ಗುರುತಿಸಿ ಕಿಟಕಿಯ ಹತ್ತಿರ ಬಂದರು. "ನಿಮ್ಮ ವಿಡಿಯೋ ಒಂದೂ ಬಿಡೂದಿಲ್ರಿ ಈರಣ್ಣಾರ. ಮನಿಮಂದೆಲ್ಲಾ ಕುಂತು ನೋಡ್ತೀವಿ, ಕರದಂಟ ಕಟ್ಟಕೋತ." ಹೇಳಿ ಅರ್ಧ ಕಿಲೊ ಪೊಟ್ಟಣವನ್ನು ಪ್ರೀತಿಯಿಂದ ಅವನ ತೊಡೆಯ ಮೇಲಿಟ್ಟರು. ಹಿಂದಿನ ಸೀಟಿನಲ್ಲಿದ್ದ ರಾಮಥಾಳದ ರೈತರೊಬ್ಬರು ಸುಮ್ಮನಿರಲಿಲ್ಲ: "ಹುಟ್ಟಿದಾಗಿಂದ ರೊಟ್ಟಿ ಉಣ್ಣಾವರಿಗೆ ರೊಟ್ಟಿ ಉಣ್ರಿ ಅಂತ ಹೇಳಾಕ ಟಿವಿ ಯಾಕ ಬೇಕ್ರೀ? ಅದನ್ನ ನಮ್ಮ ಎಮ್ಮಿನೂ ಹೇಳತೈತಿ." ಇಡೀ ಬಸ್ಸು ನಕ್ಕಿತು. ಈರಣ್ಣನೂ ನಕ್ಕ. ಆ ಪೊಟ್ಟಣವನ್ನು ಹುನಗುಂದದಲ್ಲಿ ಇಳಿಯುತ್ತಿದ್ದ ಬಸುರಿ ಹೆಂಗಸೊಬ್ಬಳ ಕೈಗೆ ಕೊಟ್ಟ.

ಎಲ್ಲ ಟೀಕೆಗೂ ಅವನು ನಗಲಿಲ್ಲ. ನಗಬಾರದಂಥವೂ ಇದ್ದವು. ನೂಲು ಸುತ್ತುವ ನೀಲವ್ವ ಒಮ್ಮೆ ಅವನ ಮುಖಕ್ಕೇ ಹೇಳಿದಳು: "ಟಿವ್ಯಾಗ ನಿನಗ ಯಾರೋ ಕಾಯಿಪಲ್ಯ ಹೆಚ್ಚಿ ತಾಟಿನ್ಯಾಗ ಇಟ್ಟಿರ್ತಾರ. ನಾ ರಾಟಿ ಬಿಟ್ಟು ಏಳೂದು ಸಂಜಿ ಏಳಕ್ಕ. ನಂಗ್ಯಾರು ಹೆಚ್ಚಿಕೊಡ್ತಾರ? ಚಾದಾಗ ಖಾರಿ ಬಿಸ್ಕಿಟ್ ಅದ್ದಿಕೊಂಡು ತಿಂದ್ರ ಹೊಟ್ಟಿ ಸುಮ್ಮಕಾಗತೈತಿ." ಈರಣ್ಣ ಮರುದಿನವೇ ವಾಹಿನಿಯವರಿಗೆ ಕಾಯಿಪಲ್ಯ ತಾನೇ ಹೆಚ್ಚುತ್ತೇನೆ ಎಂದು ಹೇಳಿದ. ಅದಕ್ಕೆ ಹಿಡಿಯುವ ಸಮಯ ತೋರಿಸಲು ಅವರು ಒಪ್ಪಲಿಲ್ಲ.

ಅವನಿಗೆ ನಿಜವಾದ ಪೆಟ್ಟು ಕೊಟ್ಟಿದ್ದು ರುಚಿ ನೋಡದ ನಿಯಮ. ಅಡುಗೆ ಕಾರ್ಯಕ್ರಮವೆಂದರೆ ಕೊನೆಗೆ ಅಡುಗೆ ಮಾಡಿದವರು ಒಂದು ಚಮಚ ಬಾಯಿಗಿಟ್ಟು, ಕಣ್ಣರಳಿಸಿ, ಆಹಾ ಅನ್ನಬೇಕು. ಈರಣ್ಣ ಒಲ್ಲೆ ಎಂದ. "ನೀವೆಲ್ಲಾ ಉಂಡಿಲ್ಲಲ್ರಿ, ನಾ ಹೆಂಗ ಉಣ್ಲಿ?" ಕ್ಯಾಮೆರಾ ಹಿಡಿದವರು, ದೀಪ ಹಿಡಿದವರು ಎಲ್ಲರೂ ಉಂಡು ಕೈತೊಳೆಯುವವರೆಗೆ ಮೂಲೆಯಲ್ಲಿ ನಿಂತಿದ್ದ. ಕೊನೆಗೆ ನಿರೂಪಕಿಯೇ ತಿಂದು ಆಹಾ ಎಂದಳು. ನೋಡುವವರು ಅದನ್ನು ಬಿಡಲಿಲ್ಲ. ತಾನು ಮಾಡಿದ್ದನ್ನು ತಾನೇ ತಿನ್ನುವುದಿಲ್ಲ, ಹಾಗಾದರೆ ಮನೆಯಲ್ಲಿ ಏನು ತಿನ್ನುತ್ತಾನೆ ಎಂದು ಒಬ್ಬರು ಬರೆದರೆ ನೂರು ಮಂದಿ ಹೌದು ಎಂದರು. ನಮ್ಮ ಓಣಿಯಲ್ಲಿ ಹೊಸ ಹೆಸರು ಹುಟ್ಟಿತು: ಸಪ್ಪ ಈರಣ್ಣ.

ಓಣಿಯ ಮಾತೇ ಅವನಿಗೆ ಮುಖ್ಯವಾಗಿತ್ತು. "ನಾಡೆಲ್ಲಾ ನೋಡಿದ್ರೇನು ಅಕ್ಕಾರ, ನಮ್ಮ ಓಣಿ ಒಂದ ಹೊತ್ತು ನನ್ನ ಕೈಯಾಂದು ಉಣ್ಣಲಿ" ಎನ್ನುತ್ತಿದ್ದ. ಅದಕ್ಕಾಗಿಯೇ ನಾವಿಬ್ಬರೂ ತಿಂಗಳ ಮೊದಲ ಸೋಮವಾರದ ಏರ್ಪಾಡು ಮಾಡಿದೆವು. ನಾನು ಬೆರಳು ಚುಚ್ಚಿ ಸಕ್ಕರೆಯ ಪ್ರಮಾಣ ನೋಡುವುದು, ಹುಣ್ಣಿದ್ದರೆ ಪಟ್ಟಿ ಕಟ್ಟುವುದು; ಅವನು ಹನ್ನೆರಡೂವರೆಗೆ ಊಟ ಹಾಕುವುದು. ನಾಲ್ಕು ತಿಂಗಳು ನಡೆಯಿತು. ಓಣಿಯವರು ಬೆರಳು ಚುಚ್ಚಿಸಿಕೊಂಡು, ಈರಣ್ಣನ ಜೊತೆ ಫೋಟೊ ತೆಗೆಸಿಕೊಂಡು, ಮನೆಗೆ ಹೋಗಿ ಉಣ್ಣುತ್ತಿದ್ದರು. ಬೇರೆ ಊರಿನ ಕೆಲವರು ಮರ್ಯಾದೆಗೆ ನಾಲ್ಕು ತುತ್ತು ಉಣ್ಣುತ್ತಿದ್ದರು. ಈರಣ್ಣ ಬಾಗಿಲ ಹತ್ತಿರ ನಿಂತು ಕಾದು, ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ, ನಾಲ್ಕು ಗಂಟೆಗೆ ಒಬ್ಬನೇ ಕುಳಿತು ಎರಡು ತಾಟು ಉಣ್ಣುತ್ತಿದ್ದ. "ಇಷ್ಟ ರುಚಿ ಆಗೇತಿ, ಯಾಕ ಒಲ್ಲರೋ" ಎನ್ನುತ್ತಿದ್ದ. ಆ ಅಕ್ಟೋಬರ್ ಆರನೆಯ ತಾರೀಖು ಐದನೆಯ ಸಲ. ಇದು ಕಡೆಯದು, ಇವತ್ತೂ ಉಣ್ಣದಿದ್ದರೆ ಮತ್ತೆ ಒಲೆ ಹಚ್ಚುವುದಿಲ್ಲ ಎಂದು ಬೆಳಿಗ್ಗೆ ನನಗೆ ಹೇಳಿದ್ದ.

ಆ ದಿನ ನನ್ನ ಕಣ್ಣು ಸಂಗಪ್ಪನ ಮೇಲಿತ್ತು. ಅವನು ನೇಕಾರ, ಈರಣ್ಣನ ಬಾಲ್ಯದ ಗೆಳೆಯ. ಬಲಗಾಲಿನ ಹೆಬ್ಬೆರಳಿಗೆ ಹಳೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ಹತ್ತಿರ ಹೋದಾಗ ಬಂದ ವಾಸನೆ ನನಗೆ ಗೊತ್ತಿರುವ ವಾಸನೆ. ಬೆರಳು ಚುಚ್ಚಿದೆ. ಯಂತ್ರದಲ್ಲಿ ಬಂದ ಅಂಕಿ ನಂಬದೆ ಇನ್ನೊಂದು ಬೆರಳು ಚುಚ್ಚಿದೆ. ಅದೇ ಬಂತು.

"ಬಟ್ಟಿ ಬಿಚ್ಚು ಸಂಗಪ್ಪ."

"ಏನಾಗಿಲ್ರಿ ಅಕ್ಕಾರ. ಮಗ್ಗದ ಹಲಗಿ ತಾಗೇತಿ."

"ಶಿವವ್ವನೂ ಹಂಗ ಅಂದಿದ್ಲು."

"ಆಕಿ ಕಾಲು ನೀವ ಕಟ್ಟಿದ್ರಿ, ಈರ್ಯಾ ಉಣಿಸಿದ. ಕಾಲು ಉಳೀತೇನು?" ಎಂದ ಸಂಗಪ್ಪ. ಈ ಮಾತು ಎಲ್ಲರ ಮನಸ್ಸಿನಲ್ಲಿತ್ತು. ಇವನು ಬಾಯಿ ಬಿಟ್ಟು ಹೇಳಿದ, ಅಷ್ಟೆ.

ಹನ್ನೆರಡೂವರೆಗೆ ಈರಣ್ಣ ಮೊದಲ ತಾಟನ್ನು ಸಂಗಪ್ಪನ ಮುಂದೆಯೇ ಇಟ್ಟ. ಜೋಳದ ನುಚ್ಚು, ಹೆಸರುಕಾಳಿನ ಸಾರು, ಹೀರೇಕಾಯಿ ಪಲ್ಯ.

"ಉಣ್ಣಲೇ ಸಂಗ್ಯಾ."

"ನೀ ಉಣ್ಣು ಮೊದ್ಲ."

"ನಾ ಕಡೀಕ ಉಣ್ಣಾವ. ನಿಂಗ ಗೊತ್ತಿಲ್ಲೇನು?"

"ನಂಗ್ಯಾಕ, ನಾಡಿಗೇ ಗೊತ್ತಾಗೇತಿ. ಮಂದಿಗೆ ಸಪ್ಪನ ನುಚ್ಚು, ನಿಂಗ ಮನ್ಯಾಗ ಮಹಾದೇವಿ ಕೈಯಾನ ಎಣ್ಣಿಗಾಯಿ!"

ಜನ ನಕ್ಕರು. ನೀರು ಹಾಕುತ್ತಿದ್ದ ಮಹಾದೇವಿ ತಂಬಿಗೆ ಕೆಳಗಿಟ್ಟಳು. "ಎಣ್ಣಿಗಾಯಿ ಕಂಡು ನಾಕ ವರ್ಷ ಆತು ಸಂಗಪ್ಪಣ್ಣ. ಅದನ್ನ ಉಣ್ಣಾಕ ಅಲ್ಲದಿದ್ರ ನನ್ನ ತವರಮನಿ ಹಾದಿ ನಾ ಯಾಕ ಹಿಡೀತೇನಿ ಅಂತ ಮಾಡೀದಿ?" ಈಗ ನಗೆ ಇನ್ನೂ ಜೋರಾಯಿತು. ಆದರೆ ಸಂಗಪ್ಪ ತಾಟನ್ನು ಮುಂದಕ್ಕೆ ತಳ್ಳಿದ. ನೀಲವ್ವ ಹೇಳಿದಳು: "ನಗೂ ಮಾತಲ್ಲ ಈರಣ್ಣ. ನಮ್ಮ ಮುಂದ ಕುಂತು ಉಂಡು ತೋರಸು. ಉಂಡಿ ಅಂದ್ರ ನಾವೂ ಉಣ್ತೇವಿ. ಇಲ್ಲಂದ್ರ ಈ ಪಾತ್ರಿ ಹೊತ್ತುಕೊಂಡು ನಡಿ."

ಈರಣ್ಣ ನನ್ನ ಕಡೆ ನೋಡಿದ. ಮೂವತ್ತು ವರ್ಷದ ನಿಯಮ ಮುರಿ ಎಂದು ಇನ್ನೊಬ್ಬರು ಹೇಳಬಾರದು. ಅವನು ಹೆಗಲ ಟವೆಲ್ಲು ತೆಗೆದು ಮಹಾದೇವಿಗೆ ಕೊಟ್ಟ. ಕೈತೊಳೆದ. ಪಂಕ್ತಿಯ ತುದಿಯಲ್ಲಿ, ಯಾರೂ ಉಣ್ಣದೆ ಇರುವಾಗ, ಚಕ್ಕಳಮಕ್ಕಳ ಹಾಕಿ ಕುಳಿತ. ಕೈ ತಾಟಿಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ತುತ್ತು ಇಟ್ಟುಕೊಂಡು ಬಹಳ ಹೊತ್ತು ಅಗಿದ. ಎರಡನೆಯದು. ಮೂರನೆಯದಕ್ಕೆ ಕೈ ನಿಂತಿತು.

"ಸಪ್ಪಗೈತಿ" ಎಂದ.

"ಏನಂದಿ?" ಸಂಗಪ್ಪ ಕೇಳಿದ.

"ಸಪ್ಪಗೈತಿ ಅಂದೆ. ಖರೇನ ಐತಿ. ಬಾಯಾಗ ಹೊಳ್ಳಾಡತೈತಿ, ಗಂಟಲದಾಗ ಇಳೀವಲ್ದು." ಅವನು ಸುತ್ತ ನೋಡಿದ. "ನಾ ದಿನಾ ನಾಲ್ಕಕ್ಕ ಉಣ್ಣಾವ. ಹೊಟ್ಟಿ ಹಸದು ಕಣ್ಣಿಗೆ ಕತ್ತಲಿ ಬಂದಿರತೈತಿ. ಆಗ ಏನ ಹಾಕಿದ್ರೂ ರುಚೀನ. ಇದು ಭಾಳ ಚಲೋ ಆಗೇತಿ ಅಂತ ತಿಳಕೊಂಡು ನಿಮ್ಮನ್ನ ಬೈಕೋತ ಬಂದೆ. ತಪ್ಪು ನಂದು."

ಸಪ್ಪ ಈರಣ್ಣ ಎಂದು ಕೂಗಿ ಎರಡು ವರ್ಷ ಆಡಿಕೊಂಡವರಿಗೆ, ಅವನೇ ಅದನ್ನು ಒಪ್ಪಿಕೊಂಡಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊದಲು ಎದ್ದವಳು ನೀಲವ್ವ.

"ಏಳು ಮ್ಯಾಲೆ, ಅಳು ಮಾರಿ ಮಾಡಬ್ಯಾಡ. ಉಪ್ಪು ಕಡಿಮಿ ಮಾಡು ಅಂದ್ರ ಹುಳಿನೂ ಬಿಡು ಅಂದಾರೇನು ದವಾಖಾನ್ಯಾಗ? ಏನ್ರಿ ಅಕ್ಕಾರ?"

"ಇಲ್ಲ. ಹುಳಿ, ಬೆಳ್ಳುಳ್ಳಿ ನಡೀತಾವು."

"ಮತ್ತ?" ಎಂದವಳೇ ಹೊರಗೆ ಹೋದಳು. ಹತ್ತು ನಿಮಿಷದಲ್ಲಿ ಓಣಿಯ ಮನೆಗಳಿಂದ ಹುಳಿಯಾದ ಪುಂಡಿ ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು ಬಂದವು. ಒಬ್ಬಳು ಹುರಿದ ಅಗಸೆ ತಂದು ಕಲ್ಲಿನಲ್ಲಿ ಕುಟ್ಟಿದಳು. ನಾಡಿಗೆಲ್ಲ ಅಡುಗೆ ಕಲಿಸಿದವನು ಒಲೆಯ ಪಕ್ಕದಲ್ಲಿ ನಿಂತು, ಇಷ್ಟು ಸಾಕೇನು, ಇನ್ನಷ್ಟು ಹಾಕಲೇನು ಎಂದು ಹೆಂಗಸರನ್ನು ಕೇಳುತ್ತಿದ್ದ. ನೀಲವ್ವ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಅವನ ಅಂಗೈಗೂ ಒಂದು ಹನಿ ಬಿಟ್ಟಳು. ಅವನು ಕಣ್ಣು ಮುಚ್ಚಿ ನೆಕ್ಕಿದ.

ಊಟ ಶುರುವಾದಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಐವತ್ತು ನಿಮಿಷ ತಡ. ನನ್ನ ಕೈಕೆಳಗಿನ ಯಾವ ಕೆಲಸದಲ್ಲೂ ಅಷ್ಟು ತಡವನ್ನು ನಾನು ಸಹಿಸಿದವಳಲ್ಲ. ಅಂದು ಸಹಿಸಿದೆ. ಓಣಿ ಉಂಡಿತು. ಸಂಗಪ್ಪ ಮೊದಲ ತುತ್ತಿಗೆ "ಹ್ಞೂಂ" ಎಂದ, ಎರಡನೆಯ ಸಲ ತಾನೇ ತಾಟು ಚಾಚಿದ. ಉಂಡು ಕೈತೊಳೆದು ಬಂದು, ನಾನು ಕೇಳುವ ಮೊದಲೇ, ಕಾಲನ್ನು ಸ್ಟೂಲಿನ ಮೇಲಿಟ್ಟು ಬಟ್ಟೆ ಬಿಚ್ಚಿದ. ತೊಳೆದು, ಔಷಧ ಹಚ್ಚಿ ಪಟ್ಟಿ ಕಟ್ಟಿದೆ. ಮರುದಿನವೇ ಬಾಗಲಕೋಟೆಗೆ ಹೋಗಬೇಕೆಂದೆ, ಹೋದ. ಇಂದು ಅವನ ಬಲಗಾಲಿಗೆ ಒಂದು ಬೆರಳು ಕಡಿಮೆ, ಆದರೆ ಮಗ್ಗದ ಕುಣಿಯಲ್ಲಿ ಎರಡೂ ಕಾಲು ಇಳಿಬಿಟ್ಟು ಕೂರುತ್ತಾನೆ.

ನಾಲ್ಕು ಗಂಟೆಗೆ ಭವನ ಖಾಲಿಯಾಯಿತು. ಮಹಾದೇವಿ ಚಿಕ್ಕ ಪಾತ್ರೆಗಳನ್ನು ಹೊತ್ತು ಮನೆಗೆ ಹೋದಳು. ನಾನು ಸೂಜಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಈರಣ್ಣ ಹಿತ್ತಲ ಕಟ್ಟೆಯ ಮೇಲೆ ದೊಡ್ಡ ಪಾತ್ರೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ಅವನದು ಗೆದ್ದವನ ಮುಖವಾಗಿರಲಿಲ್ಲ. ತಲೆಯೆತ್ತದೆ ಕೇಳಿದ:

"ಅಕ್ಕಾರ, ಅವ್ವಗ ಕಾಲು ತಗದ ಮ್ಯಾಲೆ ಎರಡ ವರ್ಷ ಇದನ್ನ ಹಾಕೀನಿ. ಇದಕ್ಕಿಂತಾ ಸಪ್ಪಗ. ದಿನಾ ‘ಚಲೋ ಆಗೇತಿ ಮಗಾ’ ಅಂತಿದ್ಲು. ಆಕಿಗೆ ಗೊತ್ತಾಗ್ತಿತ್ತೇನು?"

ಇದ್ದದ್ದನ್ನೇ ಹೇಳಿದೆ.

"ಗೊತ್ತಾಗ್ತಿತ್ತು. ದಿಂಬಿನ ಬುಡಕ ಕಾಗದದಾಗ ಉಪ್ಪು ಕಟ್ಟಿ ಇಟ್ಕೊಂಡಿದ್ಲು. ನಾ ಕಂಡು ಕಸಗೊಂಡು ಚೆಲ್ಲಿದೆ."

ತಿಕ್ಕುತ್ತಿದ್ದ ಕೈ ನಿಂತಿತು. "ನನಗ ಯಾಕ ಹೇಳಲಿಲ್ರಿ?"

"ನನ್ನ ಕೈ ಹಿಡಕೊಂಡು ಹೇಳಬ್ಯಾಡ್ರಿ ಅಂದ್ಲು. ‘ಮಗಾ ಮಾಡಿದ್ದಕ್ಕ ತಪ್ಪು ತಗೀಬಾರ್ದು. ಪಾಪ, ನಾ ಉಣ್ಣೂತನಾ ಬಾಗಲದಾಗ ನಿಂದರತಾನ’ ಅಂದ್ಲು."

ಈರಣ್ಣ ಪಾತ್ರೆಯ ತಳವನ್ನು ನೋಡುತ್ತ ಕುಳಿತ. ಮಗ್ಗಗಳ ಸದ್ದು ಓಣಿಯಲ್ಲಿ ಮತ್ತೆ ಶುರುವಾಗಿತ್ತು.

"ನಿಂದರತಿದ್ದೆ, ಅಕ್ಕಾರ" ಎಂದ. "ಆಕಿ ಬಾಜೂಕ ಒಂದ ದಿನ ತಾಟು ಹಾಕ್ಕೊಂಡು ಕುಂದರಲಿಲ್ಲ."

ನಾನು ಸೆರಗು ಸಿಕ್ಕಿಸಿಕೊಂಡು ಕೊಡದಿಂದ ನೀರು ಸುರಿದೆ, ಅವನು ತೊಳೆದ. ಮತ್ತೊಂದು ಕೊಡ ಸುರಿದೆ. ಪಾತ್ರೆಯ ಒಂದು ಕಿವಿಯನ್ನು ಅವನು ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಎತ್ತಿ ಒಳಗೆ ತಂದು ಗೋಡೆಯ ಪಕ್ಕ ಬೋರಲು ಹಾಕಿದೆವು. ನೆಲ ಒರೆಸಿದೆ, ಕಿಟಕಿಗಳನ್ನು ಮುಚ್ಚಿದೆ. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಭವನಕ್ಕೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟೆ.